ಸ್ಥಾನಕದಿಂದ ವಿಧಾನಸೌಧಕ್ಕೆ

ರಾಜ್ಯೋತ್ಸವದ ದಿನಗಳಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣ, ಈಚೆಗೆ ಬೆಳೆದ ನವಿ ಮುಂಬಯಿ, ಈ ಊರುಗಳ ಕನ್ನಡ ವೇದಿಕೆಗಳ ಮೇಲೆ ಎರಡು ಬಗೆಯ ಭಾಷಣಗಳು ತಪ್ಪದೆ ಕೇಳಿಬರುತ್ತವೆ. ನಾವು ಹೊರನಾಡಿಗೆ ಬಂದು ಬಿದ್ದವರು, ತಾಯಿಯಿಂದ ದೂರಾದ ಮಕ್ಕಳು ಎಂಬ ಅಳಲು ಒಂದು ಬಗೆಯದು. ಈ ಕೊಂಕಣವೆಲ್ಲ ಒಂದು ಕಾಲಕ್ಕೆ ಕನ್ನಡಿಗರದೇ ಆಗಿತ್ತು ಎಂಬ ಅಬ್ಬರ ಇನ್ನೊಂದು ಬಗೆಯದು. ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಹೊಡೆದ ಕೈಗಳು ಆಮೇಲೆ ಅಲ್ಪೋಪಾಹಾರದ ತಟ್ಟೆಯ ಕಡೆಗೆ ತಿರುಗುತ್ತವೆ. ಆದರೆ ಇತಿಹಾಸವನ್ನು ತುಸು ಸಾವಕಾಶವಾಗಿ ಓದಿದವನಿಗೆ ಇವೆರಡೂ ಅರ್ಧ ಸತ್ಯಗಳೆಂದು ತೋರದೆ ಇರದು.

ಕೆಲವು ತಿಂಗಳ ಹಿಂದೆ ನಾವು ಆರು ಮನೆಯವರು ಕೂಡಿ, ಬೆಂಗಳೂರಿನ ವಿಧಾನಸೌಧವನ್ನೂ ಅದರ ಸುತ್ತಮುತ್ತಲಿನ ನೋಡತಕ್ಕ ಸ್ಥಳಗಳನ್ನೂ ನೋಡಿಬರಬೇಕೆಂದು ಒಂದು ಬಸ್ಸನ್ನು ಬಾಡಿಗೆಗೆ ಹಿಡಿದೆವು. ವಿಮಾನದಲ್ಲಿ ಎರಡು ತಾಸಿಗೆ ಮುಟ್ಟುವ ಊರಿಗೆ ಬಸ್ಸೇಕೆ ಎಂದು ಹುಡುಗರು ಮೂಗು ಮುರಿದದ್ದುಂಟು. ಅಮೇರಿಕೆಯಂಥ ದೇಶಗಳಲ್ಲಿ ಮನೆಯನ್ನೇ ಗಾಲಿಗಳ ಮೇಲೆ ಕೂಡ್ರಿಸಿಕೊಂಡು ತಿಂಗಳುಗಟ್ಟಲೆ ತಿರುಗುವ ಜನರಿದ್ದಾರೆ. ಒಂದೊಂದು ರಾಜ್ಯದ ಶಾಸನಸಭೆಯ ಕಟ್ಟಡವನ್ನೂ ನೋಡಿ ಮುಂದೆ ಸಾಗುವದು ಅವರಲ್ಲಿ ಕೆಲವರ ಹವ್ಯಾಸವಂತೆ. ನಮ್ಮ ಬಸ್ಸಿಗೆ ಅಂಥ ಠೀವಿ ಇರಲಿಲ್ಲ. ಹಿಂದಿನ ಆಸನಗಳನ್ನು ತೆಗೆಯಿಸಿ ಒಂದು ಗ್ಯಾಸಿನ ಒಲೆ, ನಾಲ್ಕು ಪಾತೇಲಿ, ಹಾಸಿಗೆಯ ಸುರಳಿಗಳು, ಖಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಯ ಭರಣಿ, ಇಷ್ಟನ್ನು ಹೇರಿಕೊಂಡೆವು. ನಮ್ಮ ಜೊತೆಗೆ ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದರು. ಅವರು ಹೊರಡುವ ಮುಂಚೆಯೇ ಒಂದು ಶರ್ತು ಹಾಕಿದರು: “ರಾಜಧಾನಿ ನೋಡಲಿಕ್ಕೆ ಸಾವಿರ ಕಿಲೋಮೀಟರ ಹೋಗೂದು ಖರೆ. ಆದರ ಮದಲ ನಾವು ಕೂತ ರಾಜಧಾನಿ ನೋಡೋಣ್ರೀ.”

ಅವರ ಮಾತಿನ ಅರ್ಥ ಠಾಣೆಯ ನಿವಾಸಿಗಳಲ್ಲಿ ಎಷ್ಟು ಮಂದಿಗೆ ಆಗುವದೋ ತಿಳಿಯದು. ನಾವು ನಿತ್ಯ ಲೋಕಲ್ ಗಾಡಿಗೆ ಮುಗಿಬೀಳುವ ಈ ಠಾಣೆಯೇ ಹಳೆಯ ಶಾಸನಗಳ ‘ಸ್ಥಾನಕ’, ಉತ್ತರ ಕೊಂಕಣದ ಶಿಲಾಹಾರ ಅರಸರ ರಾಜಧಾನಿ. 1853ನೆಯ ಇಸವಿ ಎಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಭಾರತದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇಲ್ಲಿ ಎಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಅದಕ್ಕೆ ಎಂಟು ನೂರು ವರ್ಷಗಳ ಹಿಂದೆ ಇಲ್ಲಿ ಒಂದು ದರಬಾರು ಇತ್ತು, ಮಂತ್ರಿಗಳಿದ್ದರು, ಸಮುದ್ರದ ಮೇಲೆ ಓಡಾಡುವ ನಾವೆಗಳಿದ್ದವು ಎಂಬುದನ್ನು ಯಾರೂ ಕಲಿಸುವದಿಲ್ಲ. ಪೋರ್ತುಗೀಜರು ಕಟ್ಟಿಸಿ, 1737ರಲ್ಲಿ ಮರಾಠರ ಕೈಗೆ, 1774ರಲ್ಲಿ ಇಂಗ್ಲಿಷರ ಕೈಗೆ ಹೋದ ಠಾಣೆಯ ಕೋಟೆ ಈಗ ಸೆರೆಮನೆಯಾಗಿದೆ. ಆ ಕೋಟೆಯಲ್ಲಿ 1787ರಲ್ಲಿ ನೆಲ ಅಗೆಯುತ್ತಿರುವಾಗ ತಾಮ್ರಪಟಗಳು ಸಿಕ್ಕವು. ಶಕ 939, ಅಂದರೆ ಕ್ರಿ.ಶ. 1017ರಲ್ಲಿ ಶಿಲಾಹಾರ ಅರಿಕೇಸರಿ ಕೊಟ್ಟ ದಾನದ ಪಟಗಳವು. ಮರುವರ್ಷ ಕಲಕತ್ತೆಯ ಏಶಿಯಾಟಿಕ್ ಸೊಸಾಯಿಟಿಯು ತನ್ನ ಸಂಶೋಧನ ಪತ್ರಿಕೆಯ ಮೊತ್ತಮೊದಲನೆಯ ಸಂಪುಟದಲ್ಲಿಯೇ ಅವುಗಳ ಅನುವಾದವನ್ನು ಅಚ್ಚು ಹಾಕಿತು. ಭಾರತದ ಶಾಸನಶಾಸ್ತ್ರದ ತೊಟ್ಟಿಲು ತೂಗಿದವುಗಳಲ್ಲಿ ನಮ್ಮ ಠಾಣೆಯ ಪಟಗಳೂ ಸೇರಿವೆ ಎಂದರೆ ಅತಿಶಯೋಕ್ತಿಯಲ್ಲ. ಅರಿಕೇಸರಿ ಎಂಬ ಹೆಸರು ಕೇಳಿದೊಡನೆ ಪಂಪನ ಆಶ್ರಯದಾತನು ನೆನಪಾಗದ ಕನ್ನಡಿಗನಿಲ್ಲ. ಆ ಅರಿಕೇಸರಿ ವೇಮುಲವಾಡದ ಚಾಲುಕ್ಯನು, ಈತ ಬೇರೆಯವನು. ಆದರೆ ಒಂದೇ ಸಾಮ್ರಾಜ್ಯದ ನೆರಳಿನಲ್ಲಿ ಬೆಳೆದ ಮನೆತನಗಳಲ್ಲಿ ಹೆಸರುಗಳು ಹೀಗೆ ಒಂದಾಗುವದು ಸೋಜಿಗವಲ್ಲ.

ಆ ಸಾಮ್ರಾಜ್ಯವೇ ಮಳಖೇಡದ ರಾಷ್ಟ್ರಕೂಟರದು. ಉತ್ತರ ಕೊಂಕಣವು ಶಿಲಾಹಾರರಿಗೆ ದೊರೆತದ್ದು ಕ್ರಿ.ಶ. 800ರ ಸುಮಾರಿಗೆ, ರಾಷ್ಟ್ರಕೂಟರ ಮಾಂಡಲಿಕರೆಂಬ ನಾತೆಯಿಂದ. ಠಾಣೆಯ ಪಡುವಣ ಗುಡ್ಡಗಳಾಚೆಯ ಕಾನ್ಹೇರಿ ಗುಹೆಗಳಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯಿದೆ. ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ಪುಲ್ಲಶಕ್ತಿ, ಕಪರ್ದಿ ಎಂಬ ಕೊಂಕಣದ ಅರಸರು ಅಮೋಘವರ್ಷನ ಅಡಿಯಾಳುಗಳೆಂದು ಹೇಳಿದೆ. ಆ ಅಮೋಘವರ್ಷನೇ ನಮ್ಮ ನೃಪತುಂಗ, ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನದ ಒಡೆಯ. ಶೈವ ಮನೆತನದ ಮಾಂಡಲಿಕರು, ಜೈನಧರ್ಮಕ್ಕೆ ಒಲಿದ ಚಕ್ರವರ್ತಿಯ ಹೆಸರು ಹೇಳಿಕೊಂಡು ಆಳುತ್ತಿರುವಾಗ, ಬೌದ್ಧ ಭಿಕ್ಷುಗಳ ವಸ್ತ್ರಕ್ಕೂ ಪುಸ್ತಕಕ್ಕೂ ದಾನ ನಡೆಯುತ್ತಿತ್ತು. ಇಂದಿನ ದಿನಗಳಲ್ಲಿ ಇದನ್ನು ಎರಡು ಸಲ ಓದಬೇಕಾಗುತ್ತದೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದ ದಾಖಲೆ ಇನ್ನೊಂದು. ಭಿವಂಡಿ ತಾಲೂಕಿನ ಭಾದಾಣೆ ಎಂಬ ಹಳ್ಳಿಗೆ ಸಂಬಂಧಿಸಿದ, ಶಿಲಾಹಾರ ಅಪರಾಜಿತನ ತಾಮ್ರಪಟವದು, ಕ್ರಿ.ಶ. 997ರದು. ರಾಷ್ಟ್ರಕೂಟರ ಕೊನೆಯ ದೊರೆ ಕರ್ಕನನ್ನು ತೈಲಪನು 973ರಲ್ಲಿ ಸೋಲಿಸಿ ಚಾಲುಕ್ಯ ರಾಜ್ಯವನ್ನು ತಿರುಗಿ ಕಟ್ಟಿದ್ದನಷ್ಟೆ. ಅದಾಗಿ 24 ವರ್ಷಗಳಾಗಿದ್ದವು. ಅಪರಾಜಿತನು ಈಗ ಯಾರ ಅಂಕಿತಕ್ಕೂ ಒಳಗಾಗಿರಲಿಲ್ಲ. ತನ್ನ ವಂಶದ ಹೊಗಳಿಕೆಯೊಂದನ್ನೇ ಬರೆಯಿಸಿದ್ದರೂ ಕೇಳುವವರಿರಲಿಲ್ಲ. ಆದರೂ ಅವನು ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನು ಸಾದ್ಯಂತವಾಗಿ ಬರೆಯಿಸಿ, ಆ ರಾಜ್ಯವು ಮುಳುಗಿದ್ದಕ್ಕೆ ವ್ಯಸನಪಟ್ಟಿದ್ದಾನೆ. ತಾಮ್ರಪಟಗಳಲ್ಲಿ ಉಪಕಾರ ಸ್ಮರಣೆ ವಿರಳ. ಗೆದ್ದವನ ಹೊಗಳಿಕೆಯೇ ಹೆಚ್ಚು. ಮಳಖೇಡದಿಂದ ಸಹ್ಯಾದ್ರಿಯ ಈಚೆಗೆ ಇಷ್ಟು ದೂರ ಕೂತು, ಇಲ್ಲದ ರಾಜಧಾನಿಯೊಂದನ್ನು ನೆನೆದ ಈ ಅರಸನು ನಮ್ಮ ಸೀಮೆಯವನೆಂಬುದು ನನಗೆ ಅಭಿಮಾನದ ವಿಷಯ.

ಹಾಗಾದರೆ ಇವರು ಕನ್ನಡಿಗರೆ? ಈ ಪ್ರಶ್ನೆ ಬಸ್ಸಿನಲ್ಲಿಯೂ ಎದ್ದಿತು. ಶಿಲಾಹಾರರಲ್ಲಿ ಮೂರು ಶಾಖೆಗಳು: ಉತ್ತರ ಕೊಂಕಣದ್ದು, ದಕ್ಷಿಣ ಕೊಂಕಣದ್ದು, ಕೊಲ್ಲಾಪುರದ್ದು. ಎಲ್ಲರೂ ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡವರು, ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ಕೊಲ್ಲಾಪುರ ಶಾಖೆಯವರ ಬಿರುದುಗಳಂತೂ ಅಚ್ಚ ಕನ್ನಡದವು. ‘ಮರುವಕ್ಕಸರ್ಪ’, ‘ಅಯ್ಯನಸಿಂಗ’, ‘ಇಡುವರಾದಿತ್ಯ’ ಎಂಬುದಾಗಿ ಅವರ ಶಾಸನಗಳು ಸಾರುತ್ತವೆ. ಮರುವಕ್ಕವೆಂದರೆ ವೈರಿಯ ದಂಡು, ಅದಕ್ಕೆ ಹಾವಾದವನು. ಅಯ್ಯನ ಸಿಂಗ, ಅಪ್ಪನ ಸಿಂಹ! ಮನೆಮಾತು ಕನ್ನಡವಾಗಿರದೆ ಇಂಥ ಬಿರುದುಗಳನ್ನು ಯಾರಾದರೂ ಇಟ್ಟುಕೊಂಡಾರೆಯೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಠಾಣೆಯ ಶಾಖೆಯವರ ದಾನಪತ್ರಗಳು ಸಂಸ್ಕೃತದಲ್ಲಿವೆ. ಅದಕ್ಕೂ ಮಿಗಿಲಾಗಿ, ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸಲಾಗುವ, ಅಲಿಬಾಗದ ಹತ್ತಿರದ ಅಕ್ಷಿಯ ಕಲ್ಲು ಶಿಲಾಹಾರರ ಕಾಲದ್ದೇ. ಅತ್ತ ನಮ್ಮ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲಬಳಿಯೂ ಮರಾಠಿ ಸಾಲುಗಳನ್ನು ಕೊರೆದಿದ್ದಾರೆ. ಆ ಕಾಲದ ಜನಕ್ಕೆ ಎರಡು ನುಡಿಗಳು ಒಂದೇ ಅಂಗಳದಲ್ಲಿರುವದು ತೊಡಕೆನಿಸಿರಲಿಲ್ಲ. ಆದುದರಿಂದ ಠಾಣೆಯು ‘ನಮ್ಮದಾಗಿತ್ತು’ ಎಂದು ವೇದಿಕೆಯ ಮೇಲೆ ಎದೆ ತಟ್ಟುವದರಲ್ಲಿ ಜಾಣತನವಿಲ್ಲ. ಇಲ್ಲಿ ಕನ್ನಡವು ಪರಕೀಯವಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯದಿಂದ ಹೇಳಬಹುದು. ನನ್ನ ದೃಷ್ಟಿಯಿಂದ ಇದೇ ದೊಡ್ಡ ಮಾತು. ನೆರೆಯವರೊಡನೆ ಜಗಳವಿಲ್ಲದೆ ಹೇಳಬಹುದಾದ ಮಾತು.

ಈ ಮನೆತನದಲ್ಲಿ ಪಂಡಿತರೂ ಇದ್ದರು. 12ನೆಯ ಶತಮಾನದ ಅಪರಾದಿತ್ಯನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಅಪರಾರ್ಕ’ವೆಂಬ ವ್ಯಾಖ್ಯಾನವು ಕಾಶ್ಮೀರದವರೆಗೆ ಮಾನ್ಯವಾಯಿತು. ಅವನ ರಾಯಭಾರಿ ತೇಜಕಂಠನು ಕಾಶ್ಮೀರದ ಪಂಡಿತಸಭೆಯೊಂದರಲ್ಲಿ ಕುಳಿತಿದ್ದನೆಂಬುದನ್ನು ಮಂಖಕವಿ ಬರೆದಿಟ್ಟಿದ್ದಾನೆ. ಕೊನೆಯ ಅರಸ ಸೋಮೇಶ್ವರನನ್ನು ದೇವಗಿರಿಯ ಯಾದವ ಮಹಾದೇವನು 1265ರ ಸುಮಾರಿಗೆ ಕಡಲಿನ ಮೇಲೆ ಬೆನ್ನಟ್ಟಿದನು. ಸೋಮೇಶ್ವರನು ಸಮುದ್ರದಲ್ಲಿ ಮುಳುಗಿ ಸತ್ತನು. ಬೋರಿವಲಿಯ ಎಕ್ಸರದಲ್ಲಿರುವ ವೀರಗಲ್ಲುಗಳ ಮೇಲೆ ಹುಟ್ಟು ಹಾಕುತ್ತಿರುವ ನಾವೆಗಳ ಸಾಲು ಇಂದಿಗೂ ಕಾಣುತ್ತದೆ. ನೌಕಾಯುದ್ಧವನ್ನು ಕೆತ್ತಿದ ಕಲ್ಲುಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಠಾಣೆಯಲ್ಲಿ ಆ ರಾಜಧಾನಿಯ ಅರಮನೆ ಎಲ್ಲಿಯೂ ಉಳಿದಿಲ್ಲ. ಮಾಸುಂದೆ ಕೆರೆಯ ದಂಡೆಯ ಕೋಪಿನೇಶ್ವರ ಗುಡಿಗೆ ಕೈಮುಗಿದು ನಾವು ಅಂಬರನಾಥಕ್ಕೆ ಬಂದೆವು. ಶಿಲಾಹಾರರು ನಮಗೆ ಬಿಟ್ಟುಹೋದ ನಿಜವಾದ ಆಸ್ತಿ ಇದು. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಇದ್ದು, ರೈಲಿನ ಹಲಗೆಯ ಮೇಲೆ ನಿತ್ಯ ಆ ಹೆಸರನ್ನು ಓದಿ, ಗುಡಿಯನ್ನು ಮಾತ್ರ ಒಮ್ಮೆಯೂ ನೋಡದವರು ನಮ್ಮಲ್ಲಿ ಎಷ್ಟೋ ಜನ. ಗುಡಿಯಲ್ಲಿಯ ಶಾಸನ ಶಕ 982ರದು, ಅಂದರೆ 1060-61. ಛಿತ್ತರಾಜ, ನಾಗಾರ್ಜುನರ ತಮ್ಮನಾದ ಮುಮ್ಮುಣಿ ಅಥವಾ ಮಾಂವಾಣಿಯ ಆಳಿಕೆ ಅದು. ಭೂಮಿಜ ಶೈಲಿಯ ಈ ಗುಡಿಯ ಶಿಖರ ಪೂರ್ತಿಯಾಗಿ ಉಳಿದಿಲ್ಲ. ಹೊರಗೋಡೆಯಂತೂ ಒಂದು ಅಂಗುಲವೂ ಬರಿದಾಗಿಲ್ಲ. ಮೂಲೆಗಳ ಮೇಲೆ ಮೂಲೆ ಒಡೆದು, ಬೆಳಕು ನೆರಳುಗಳ ಪಟ್ಟೆಗಳಾಗಿ ಮೂರ್ತಿಗಳು ನಿಂತಿವೆ. ಮಂಟಪದಿಂದ ಗರ್ಭಗುಡಿಗೆ ಹತ್ತಿ ಹೋಗುವದಲ್ಲ, ಮೆಟ್ಟಲು ಇಳಿದು ಹೋಗಬೇಕು. ಕೆಳಗೆ ತಂಪು ಕತ್ತಲೆ. ತಲೆಯೆತ್ತಿದರೆ ಮೇಲೆ ಮುಗಿಲಿನ ತುಣುಕು. ಅಂಬರನಾಥನೆಂಬ ಹೆಸರಿಗೆ ಇದಕ್ಕಿಂತ ತಕ್ಕ ಮನೆ ಬೇಕೆ? ಮಗ್ಗಲಲ್ಲಿ ಹರಿಯುವ ವಾಲಧುನಿ ನದಿಯ ನೀರನ್ನು ಮಾತ್ರ ನೋಡುವಂತಿಲ್ಲ. ಸಾಡೇಒಂಬತ್ತು ನೂರು ವರ್ಷ ಶಿವನ ಪಾದ ತೊಳೆದ ಹೊಳೆಗೆ ನಮ್ಮ ಕಾಲದ ಕಾರಖಾನೆಗಳು ಕೊಟ್ಟ ದಕ್ಷಿಣೆ ಬಣ್ಣದ ನೊರೆ.

ಅಲ್ಲಿಂದ ಕಲ್ಯಾಣ ಕೆಲವೇ ಮೈಲು. ಇದು ಕ್ರಿಸ್ತಶಕದ ಮೊದಲ ಶತಮಾನದಷ್ಟು ಹಿಂದೆಯೇ ಗ್ರೀಕ ನಾವಿಕನೊಬ್ಬನ ಕೈಪಿಡಿಯಲ್ಲಿ ‘ಕಲ್ಲಿಯೇನ’ ಎಂದು ಬಂದ ಬಂದರ. ಕಾನ್ಹೇರಿಯ ದಾನಿಗಳಲ್ಲಿಯೂ ಕಲ್ಯಾಣದ ವರ್ತಕರಿದ್ದಾರೆ. ಆದರೆ ಕನ್ನಡಿಗನಿಗೆ ಕಲ್ಯಾಣವೆಂದರೆ ಇನ್ನೊಂದು ಊರು ಕಣ್ಣೆದುರು ನಿಲ್ಲುತ್ತದೆ: ಬೀದರ ಜಿಲ್ಲೆಯ, ಚಾಲುಕ್ಯರ, ಬಸವಣ್ಣನ ಕಲ್ಯಾಣ. ಮುಮ್ಮುಣಿಯ ಗುಡಿ ಏಳುತ್ತಿದ್ದಾಗ ಆ ಕಲ್ಯಾಣದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ಕಲ್ಯಾಣದಲ್ಲಿ ಮನೆ ಎಂದು ಊರಿನ ಹಿರಿಯರಿಗೆ ಹೇಳಿದರೆ “ಅದ ಬಸವಣ್ಣನ ಊರೇನು?” ಎಂದು ಕೇಳುವದುಂಟು. ಅಲ್ಲ ಎಂದರೆ ಅವರಿಗಾಗುವ ನಿರಾಸೆಯನ್ನು ಕಲ್ಯಾಣದ ಕನ್ನಡಿಗರೆಲ್ಲರೂ ಬಲ್ಲರು.

ಘಾಟು ಹತ್ತಿ, ಪುಣೆ ಸಾತಾರೆಗಳನ್ನು ಹಿಂದೆ ಹಾಕಿ ಮರುದಿನ ಕೊಲ್ಲಾಪುರಕ್ಕೆ ಬಂದೆವು. ಇನ್ನೊಂದು ಶಿಲಾಹಾರ ರಾಜಧಾನಿ. ಮಹಾಲಕ್ಷ್ಮಿಯ ದರ್ಶನಕ್ಕೆ ಮೂರು ತಾಸಿನ ಸರದಿಯಾದ್ದರಿಂದ ಪನ್ಹಾಳೆಯ ಕೋಟೆಗೆ ಹೋಗುವದು ಸಾಧ್ಯವಾಗಲಿಲ್ಲ. ಈ ಶಾಖೆಯ ವಿಜಯಾದಿತ್ಯನ ಕಾಲದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ ‘ನೇಮಿನಾಥ ಪುರಾಣ’ವನ್ನು ಬರೆದನು. ಹೆದ್ದಾರಿಯಿಂದ ಬಹಳ ಒಳಗೆ, ಕೃಷ್ಣೆಯ ದಂಡೆಯ ಖಿದ್ರಾಪುರದಲ್ಲಿ ಕೋಪೇಶ್ವರನ ಗುಡಿಯಿದೆ. ಅಲ್ಲಿಯ ಸ್ವರ್ಗಮಂಟಪದ ನಡುವಿನ ದುಂಡು ಬಯಲಿನಿಂದ ಮುಗಿಲು ಕಾಣುತ್ತದೆ. ಅಂಬರನಾಥದ ಮುಗಿಲಿಗೂ ಈ ಮುಗಿಲಿಗೂ ಏನೋ ನಂಟಿದೆಯೆಂದು ನನಗೆ ಯಾವಾಗಲೂ ತೋರಿದೆ. ಶಿಲ್ಪಶಾಸ್ತ್ರ ಬಲ್ಲವರು ಹೇಳಬೇಕು.

ನಿಪ್ಪಾಣಿಯನ್ನು ದಾಟಿ ಬೆಳಗಾವಿಗೆ ಬಂದಾಗ ರಾತ್ರಿಯಾಗಿತ್ತು. ಬೆಳಗಾವಿಯೂ ಹಳೆಯ ರಾಜಧಾನಿ, ಸವದತ್ತಿಯ ರಟ್ಟರ ವೇಣುಗ್ರಾಮ. ಕೋಟೆಯೊಳಗಿನ ಕಮಲಬಸದಿಯನ್ನು 1204ರಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದನು. ಮಂಟಪದ ಮಾಳಿಗೆಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ನೋಡಲು ಕತ್ತು ನೋಯುವವರೆಗೆ ನಿಂತಿದ್ದೆವು. ಆ ಕಾಲದ ಬೆಳಗಾವಿಯ ಎರಡು ಶಾಸನಗಳು ಮಾತ್ರ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. 1924ರ ಕಾಂಗ್ರೆಸ್ಸು ಇಲ್ಲಿಯೇ ಸೇರಿತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಅದು. ಅದೇ ಕಾಲಕ್ಕೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ನೆರೆಯಿತು. ಈಗ ಹೆದ್ದಾರಿಯ ಮಗ್ಗುಲಿಗೆ ಸುವರ್ಣ ವಿಧಾನಸೌಧ ನಿಂತಿದೆ. 2012ರ ಅಕ್ಟೋಬರ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ಉದ್ಘಾಟಿಸಿದರು. ಕಟ್ಟಡ ಭವ್ಯವಾದದ್ದೇ. ಆದರೆ ವರ್ಷದಲ್ಲಿ ಕೆಲವು ದಿನ ಅಧಿವೇಶನ ನಡೆದು ಉಳಿದ ದಿನ ಸುಮ್ಮನಿರುವ ಕಟ್ಟಡಕ್ಕೆ ಮದುವೆ ಮುಗಿದ ಮರುದಿನದ ಹಂದರದ ಕಳೆ ಬರುತ್ತದೆ. ಗಡಿಯ ವ್ಯಾಜ್ಯ ಸುಪ್ರೀಂ ಕೋರ್ಟಿನ ಮುಂದಿದೆ. ಅದನ್ನು ಈ ಬರಹದೊಳಗೆ ಎಳೆಯುವ ಮನಸ್ಸು ನನಗಿಲ್ಲ.

ಬೆಳಗಾವಿಯಲ್ಲಿ ಹೇಳಲೇಬೇಕಾದ ಮಾತು ಬೇರೆಯಿದೆ. ಇದನ್ನು ನಮ್ಮ ಮಕ್ಕಳು ಕೇಳಬೇಕು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ, ಈ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ 1956ರ ಅಕ್ಟೋಬರ 31ರವರೆಗೆ ರಾಜಧಾನಿ ಯಾವುದಾಗಿತ್ತು? ಬೆಂಗಳೂರಲ್ಲ, ಮುಂಬಯಿ. ಅವರ ಶಾಸನಸಭೆ ಕೂಡುತ್ತಿದ್ದದ್ದು ಗೇಟ್‌ವೇಯ ಹತ್ತಿರದ ಹಳೆಯ ನಾವಿಕರ ವಸತಿಗೃಹದಲ್ಲಿ. 1876ರ ಸುಮಾರಿಗೆ ಹಡಗಿನ ಖಲಾಸಿಗಳಿಗಾಗಿ ಕಟ್ಟಿದ ಆ ಮನೆಯನ್ನು 1928ರಲ್ಲಿ ಸರಕಾರವು ಕೌನ್ಸಿಲಿಗಾಗಿ ತೆಗೆದುಕೊಂಡಿತು. 1981ರಲ್ಲಿ ನರಿಮನ್ ಪಾಯಿಂಟಿನ ಹೊಸ ವಿಧಾನಭವನವಾಗುವವರೆಗೆ ಮಹಾರಾಷ್ಟ್ರದ ಶಾಸಕರೂ ಅಲ್ಲಿಯೇ ಕೂಡ್ರುತ್ತಿದ್ದರು; ಈಗ ಅದು ರಾಜ್ಯದ ಪೋಲೀಸ ಮುಖ್ಯ ಕಚೇರಿ. ಧಾರವಾಡದ ಪ್ರತಿನಿಧಿಗಳು ಚಿಕ್ಕ ಹಳಿಯ ಗಾಡಿಯಲ್ಲಿ ಪುಣೆಗೆ ಬಂದು, ಅಲ್ಲಿ ದೊಡ್ಡ ಹಳಿಯ ಗಾಡಿ ಹಿಡಿದು, ಇದೇ ಕಲ್ಯಾಣ, ಇದೇ ಠಾಣೆಗಳನ್ನು ದಾಟಿ ಸಭೆಗೆ ಹೋಗುತ್ತಿದ್ದರು. ಕನ್ನಡನಾಡಿನ ಏಕೀಕರಣಕ್ಕಾಗಿ ಅಂದಾನಪ್ಪ ದೊಡ್ಡಮೇಟಿಯವರು ಹೋರಾಡಿದ್ದು ಆ ಸಭಾಗೃಹದೊಳಗೆ.

ಆ ದಿನಗಳಲ್ಲಿ ಗದಗಿನಿಂದಲೋ ರಾಣಿಬೆನ್ನೂರಿನಿಂದಲೋ ನೌಕರಿಗಾಗಿ ಇತ್ತ ಬಂದ ಹುಡುಗ ಪರರಾಜ್ಯಕ್ಕೆ ಬಂದವನಲ್ಲ. ತನ್ನ ರಾಜ್ಯದ ರಾಜಧಾನಿಗೆ ಬಂದವನು. ಬಂದು ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ ಹಿಡಿದನು. 1956ರ ನವೆಂಬರ 1ರ ಬೆಳಗ್ಗೆ ಎದ್ದಾಗ ಅವನ ಊರು ಒಂದು ರಾಜ್ಯದಲ್ಲಿತ್ತು, ಖೋಲಿ ಇನ್ನೊಂದು ರಾಜ್ಯದಲ್ಲಿತ್ತು. ಅವನು ಕೂತ ಚಾಪೆಯಿಂದ ಎದ್ದಿರಲೂ ಇಲ್ಲ. ಮುಂಜಾನೆ ಎಂದಿನಂತೆ ಗಾಡಿ ಹಿಡಿದು ಕೆಲಸಕ್ಕೆ ಹೋದನು. ಸಂಜೆ ಸಂಘದಲ್ಲಿ ಏಕೀಕರಣದ ಪೇಢೆ ಹಂಚಿದನು. ಯಾವ ರಾಜ್ಯಕ್ಕಾಗಿ ಅವನೂ ಸಭೆ ಕೂಡಿ, ವರ್ಗಣಿ ಕೊಟ್ಟು, ಊರಿಂದ ಬಂದ ಪತ್ರಿಕೆಗಳನ್ನು ಓದಿ ಕಾದಿದ್ದನೋ ಆ ರಾಜ್ಯ ಹುಟ್ಟಿದ ದಿನವೇ ಅವನು ಹೊರನಾಡಿಗನಾದನು. ಹೊರನಾಡ ಕನ್ನಡಿಗರೆಂದರೆ ನಾಡು ಬಿಟ್ಟು ಹೋದವರು ಎಂದು ಬೆಂಗಳೂರಿನಲ್ಲಿ ಯಾರಾದರೂ ಅಂದಾಗ ಈ ಒಂದು ಸಂಗತಿಯನ್ನು ಅವರಿಗೆ ತಿಳಿಸಿಕೊಡುವದು ಅವಶ್ಯ.

ಮುಂದಿನ ದಾರಿಯನ್ನು ಬೇಗ ಮುಗಿಸುತ್ತೇನೆ. ಕಿತ್ತೂರಿನಲ್ಲಿ ಬುತ್ತಿ ಬಿಚ್ಚಿದೆವು. ಚೆನ್ನಮ್ಮರಾಣಿಯ ದಂಡು 1824ರ ಅಕ್ಟೋಬರದಲ್ಲಿ ಕಲೆಕ್ಟರ ಥ್ಯಾಕರೆಯನ್ನು ಕೆಡವಿದ ಆ ವಾಡೆಯ ಮುರುಕು ಗೋಡೆಗಳ ನೆರಳಿನಲ್ಲಿ ರೊಟ್ಟಿ ಹೆಚ್ಚು ರುಚಿಯಾಯಿತು. ಧಾರವಾಡದಲ್ಲಿ ಪೇಢೆ, ಜೊತೆಗೆ, 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಮಲಗಿದ್ದ ಜನರನ್ನು ಎಬ್ಬಿಸಿದ ಆಲೂರ ವೆಂಕಟರಾಯರ ನೆನಪು. ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ 1953ರಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತದ್ದನ್ನು ಮಾಸ್ತರರು ಬಸ್ಸಿನೊಳಗೆ ನಿಂತುಕೊಂಡೇ ವಿವರಿಸಿದರು. ಅದೇ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ದಾವಣಗೆರೆಯ ಬೆಣ್ಣೆದೋಸೆಯನ್ನು ಹುಡುಗರು ಯಾವ ಶಾಸನಕ್ಕಿಂತಲೂ ಲಕ್ಷ್ಯಕೊಟ್ಟು ಪರೀಕ್ಷಿಸಿದರು. ಚಿತ್ರದುರ್ಗದ ಕಲ್ಲುಕೋಟೆ, ತುಮಕೂರು, ಆಮೇಲೆ ಬೆಂಗಳೂರಿನ ವಾಹನಗಳ ಜಾತ್ರೆ.

ವಿಧಾನಸೌಧವನ್ನು ಮೊದಲು ಚಿತ್ರದಲ್ಲಿ ನೋಡಿ ಆಮೇಲೆ ಎದುರಿಗೆ ನೋಡಿದವನಿಗೆ ಅದರ ಉದ್ದಗಲದ ಅರಿವು ಆಗಲಿಕ್ಕೆ ಸ್ವಲ್ಪ ಹೊತ್ತು ಬೇಕು. ಉದ್ದ 700 ಅಡಿ, ಅಗಲ 350 ಅಡಿ. ಮೂಡಣ ಮೊಗದ ದೊಡ್ಡ ಸೋಪಾನದ ಮೇಲೆ 40 ಅಡಿ ಎತ್ತರದ ಹನ್ನೆರಡು ಕಲ್ಲು ಕಂಬಗಳು. ಅವುಗಳ ಮೇಲೆ 60 ಅಡಿ ವ್ಯಾಸದ ಗುಮ್ಮಟ. ಅದರ ತುದಿಗೆ ನಾಲ್ಮೊಗದ ಸಿಂಹಗಳು. 1951ರ ಜುಲೈ 13ರಂದು ಪಂಡಿತ ನೆಹರೂ ಅವರು ಅಡಿಗಲ್ಲಿಟ್ಟಾಗ ಇದು ಇಷ್ಟು ದೊಡ್ಡದಾಗಿ ಏಳತಕ್ಕದ್ದಿರಲಿಲ್ಲ. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ನಕಾಶೆಯನ್ನೇ ಬದಲಿಸಿದರು. ಬೆಂಗಳೂರಿಗೆ ಬಂದಿದ್ದ ರಶಿಯದ ನಿಯೋಗದವರು ಇಲ್ಲಿಯ ಸರಕಾರಿ ಕಟ್ಟಡಗಳನ್ನು ನೋಡಿ, ನಿಮ್ಮದೆಂಬ ಶಿಲ್ಪ ನಿಮಗಿಲ್ಲವೆ ಎಂದು ಕೇಳಿದರೆಂದೂ ಆ ಮಾತು ಅವರಿಗೆ ನಾಟಿತೆಂದೂ ಹೇಳುವದುಂಟು. ಎಂಜಿನಿಯರ ಬಿ. ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯಿತು. ಸುತ್ತಲಿನ ಬೂದು ಬಣ್ಣದ ಕಣಶಿಲೆ, ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಗಲ್ಲು. ಕಲ್ಲುಕುಟಿಗರು, ಬಡಗಿಗಳು, ಸಾವಿರಾರು ಕೂಲಿಗಳು. ಅವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಕೆಲಸ ಮುಗಿದಮೇಲೆ ಅವರಿಗೆ ಬಿಡುಗಡೆಯಾಯಿತೆಂದು ಹೇಳುತ್ತಾರೆ. ಠಾಣೆಯಲ್ಲಿ ಕೋಟೆ ಸೆರೆಮನೆಯಾದರೆ ಇಲ್ಲಿ ಸೆರೆಯಾಳುಗಳು ಸೌಧ ಕಟ್ಟಿದರು!

ವೆಚ್ಚವಾದದ್ದು 1 ಕೋಟಿ 80 ಲಕ್ಷ ರೂಪಾಯಿಗಳ ಆಸುಪಾಸು. ಆಗ ಅದು ದುಂದು ಎನಿಸಿತು. ಗದ್ದಲವೆದ್ದಿತು, ವಿಚಾರಣೆಯೂ ನಡೆಯಿತು. ಒಂಬತ್ತು ಜಿಲ್ಲೆಗಳ ಮೈಸೂರಿಗೆ ಇಷ್ಟು ದೊಡ್ಡ ಮನೆಯೇಕೆ ಎಂದು ಕೇಳಿದವರ ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಉತ್ತರ ಕೊಟ್ಟದ್ದು ಕಾಲ. 1953ರಲ್ಲಿ ಬಳ್ಳಾರಿ ಸೇರಿ ಹತ್ತಾಯಿತು. 1956ರಲ್ಲಿ ಮುಂಬಯಿ, ಹೈದರಾಬಾದ, ಮದ್ರಾಸ, ಕೊಡಗುಗಳಿಂದ ಕನ್ನಡ ಸೀಮೆಗಳು ಬಂದು ಹತ್ತೊಂಬತ್ತು ಜಿಲ್ಲೆಗಳಾದವು. ಏಕೀಕರಣವಾದರೆ ತಮ್ಮ ಬಲ ಕುಗ್ಗುವದೆಂದು ಹಳೆಯ ಮೈಸೂರಿನ ಅನೇಕ ಮುಖಂಡರು ಹಿಂಜರಿದಾಗ ಹನುಮಂತಯ್ಯನವರು ಏಕೀಕರಣದ ಪಕ್ಷ ವಹಿಸಿದ್ದರು. ಬರುವ ಅಣ್ಣತಮ್ಮಂದಿರಿಗಾಗಿ ಮೊದಲೇ ಮನೆ ದೊಡ್ಡದು ಮಾಡಿಟ್ಟ ಯಜಮಾನನಂತೆ ಅವರು ನನಗೆ ತೋರುತ್ತಾರೆ. ಆದರೆ ಅಣ್ಣತಮ್ಮಂದಿರು ಬಂದ ದಿನ ಯಜಮಾನನೇ ಮನೆಯಲ್ಲಿರಲಿಲ್ಲ! 1956ರ ಅಗಸ್ಟಿನಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಕಡಿದಾಳ ಮಂಜಪ್ಪನವರು ಎರಡೂವರೆ ತಿಂಗಳು ಆಡಳಿತ ನಡೆಸಿದರು. ನವೆಂಬರ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು.

ಮುಂಬಯಿಯ ನಾವಿಕರ ಮನೆಯಿಂದ ಈ ಕಲ್ಲಿನ ಮನೆಗೆ ಬಂದವರಲ್ಲಿ ಒಬ್ಬರ ಹೆಸರು ಮರೆಯಬಾರದು. ಜಮಖಂಡಿಯ ಬಿ. ಡಿ. ಜತ್ತಿಯವರು ಮುಂಬಯಿ ಸರಕಾರದಲ್ಲಿ ಉಪಮಂತ್ರಿಗಳಾಗಿದ್ದವರು. 1958ರಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳಾದರು. ಮುಂದೆ ಉಪರಾಷ್ಟ್ರಪತಿಗಳಾಗಿ, 1977ರಲ್ಲಿ ಕೆಲಕಾಲ ರಾಷ್ಟ್ರಪತಿಗಳ ಸ್ಥಾನವನ್ನೂ ನಿರ್ವಹಿಸಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಲಿಕ್ಕೆ ಮಾತ್ರ 1973ರ ನವೆಂಬರ 1ರವರೆಗೆ ಕಾಯಬೇಕಾಯಿತು. ದೇವರಾಜ ಅರಸರ ಕಾಲವದು.

ಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ್ದಾರೆ. ನಮ್ಮ ಜೊತೆಯ ಹುಡುಗಿಯೊಬ್ಬಳು, ಡೊಂಬಿವಲಿಯ ಮರಾಠಿ ಶಾಲೆಯಲ್ಲಿ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಗಟ್ಟಿಯಾಗಿ ಓದಿದಳು. ಸಂಘದ ರವಿವಾರದ ಕನ್ನಡ ವರ್ಗದ ಫಲವದು. ‘ಳ’ಕಾರವೊಂದೂ ಇಲ್ಲದ್ದರಿಂದ ತಡವರಿಸಲಿಲ್ಲವೆಂದು ಮಾಸ್ತರರು ಚೇಷ್ಟೆ ಮಾಡಿದರು, ಮರಾಠಿಯಲ್ಲಿಯೂ ‘ಳ’ ಇದೆಯೆಂದು ಅವಳು ಕೂಡಲೇ ತಿರುಗಿ ಉತ್ತರ ಕೊಟ್ಟಳು. ಪಡುವಣ ಬಾಗಿಲ ಕಡೆಗೆ 2025ರ ಜನವರಿಯಲ್ಲಿ ಅನಾವರಣಗೊಂಡ ಭುವನೇಶ್ವರಿಯ ಕಂಚಿನ ಮೂರ್ತಿಯಿದೆ. ರವಿವಾರವಾದ್ದರಿಂದ ಸಂಜೆ ಸೌಧಕ್ಕೆಲ್ಲ ದೀಪ ಹಚ್ಚಿದರು. ಆ ಬೆಳಕಿನಲ್ಲಿ ಕಲ್ಲು ಹಗುರವಾದಂತೆ ತೋರುತ್ತದೆ.

ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ. 1868ರಲ್ಲಿ ಮುಗಿದ ಇದರಲ್ಲಿ ಆಗಿನ ಸರಕಾರದ ಹದಿನೆಂಟು ಇಲಾಖೆಗಳಿದ್ದವು. ಈಗ ಉಚ್ಚ ನ್ಯಾಯಾಲಯವಿದೆ. 1980ರ ಸುಮಾರಿಗೆ ಇದನ್ನು ಕೆಡವುವ ಯೋಚನೆಯಿತ್ತು. ನಾಗರಿಕರು ಹಟ ಹಿಡಿದು ಉಳಿಸಿಕೊಂಡರು. ಹಿಂದೆ 1870ರಲ್ಲಿ ಸ್ಯಾಂಕಿಯು ರೂಪಿಸಿದ ಕಬ್ಬನ್ ಉದ್ಯಾನ. ದರ್ಬಾರಿ ಹೆಸರು ಚಾಮರಾಜೇಂದ್ರ ಉದ್ಯಾನ. ಜನ ಕಬ್ಬನ್ನನನ್ನು ಬಿಟ್ಟಿಲ್ಲ. ಅಲ್ಲಿಯ ಶೇಷಾದ್ರಿ ಅಯ್ಯರ್ ಭವನದ ಗ್ರಂಥಾಲಯದಲ್ಲಿ ಒಂದು ದಿನ ಪೂರ್ತಿ ಕುಳಿತಿರಬಹುದಿತ್ತು, ಬಸ್ಸಿನವನಿಗೆ ತಾಳ್ಮೆಯಿದ್ದಿದ್ದರೆ.

ಮರುದಿನ ನಾವು ಹೋದದ್ದು ಉದ್ಯಾನದ ಮಗ್ಗುಲಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ. 1865ರಲ್ಲಿ ಆರಂಭವಾದ ಸಂಸ್ಥೆ. ಈಗಿನ ಕಟ್ಟಡ 1877ರದು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲು ಇದೆ, ಕ್ರಿ.ಶ. 949-50ರದು. ಮೇಲೆ ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರ, ಸುತ್ತಲೂ ಹಳಗನ್ನಡದ ಅಕ್ಷರಗಳು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಬಂಟ ಮಣಲೇರನು ಪರಾಕ್ರಮ ತೋರಿದ್ದಕ್ಕೆ, ಏನು ಬೇಕೋ ಬೇಡು ಎಂದಾಗ, ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ; ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದಿತು, ಎರಡೂ ಸತ್ತವು. ಅದರ ನೆನಪಿಗೆ ಮಣಲೇರನು ಆತಕೂರಿನ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟನು.

ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಕಲ್ಲಿನ ಮೇಲೆ ಕೃಷ್ಣನ ಹೆಸರು ಎಲ್ಲಿದೆಯೆಂದು ಹುಡುಕುತ್ತ ಬಹಳ ಹೊತ್ತು ನಿಂತರು. ಈ ಕಲ್ಲು ನೆಟ್ಟ ವರ್ಷ ಠಾಣೆಯ ಸೀಮೆಯ ಶಿಲಾಹಾರನೂ ಇದೇ ಕೃಷ್ಣನಿಗೆ ಕಪ್ಪ ಕೊಡುವ ಮಾಂಡಲಿಕನಾಗಿದ್ದನೆಂದು ಅವರು ಹುಡುಗರಿಗೆ ತಿಳಿಸಿದರು. ಕಾವಲುಗಾರನು ಬಂದು ಬಾಗಿಲು ಮುಚ್ಚುವ ಹೊತ್ತಾಯಿತೆಂದು ಹೇಳಿದನು. ಹೊರಗೆ ಬಂದು, ಬಸ್ಸಿನ ಹಿಂಬದಿಯ ಒಲೆಯ ಮೇಲೆ ಚಹಕ್ಕೆ ನೀರಿಟ್ಟೆವು.